ಜ್ವರ ಬಿಟ್ಟಿತು, ವಾಸನೆ-ರುಚಿ ಮಾತ್ರ ಸರಿಹೋಗಿಲ್ಲ: ಕೆಟ್ಟಿರುವುದು ಮೂಗೋ, ನಾಲಿಗೆಯೋ?

ಘಮಲು:
ನೆಗಡಿ, ಫ್ಲೂ, ಕೋವಿಡ್ ಮುಗಿದ ಮೇಲೆ ರುಚಿ-ವಾಸನೆ ಕೆಡುವ ವಿಚಾರಕ್ಕೆ ಒಂದೇ ಕಡೆ ಉತ್ತರ ಸಿಗಲಿ ಅಂತ ಈ ಚರ್ಚೆ. ಪದೇ ಪದೇ ಬರುವ ಪ್ರಶ್ನೆಗಳು ಮೂರು. ಹೋಗಿರುವುದು ರುಚಿಯೋ ವಾಸನೆಯೋ ಎಂದು ಮನೆಯಲ್ಲೇ ಪತ್ತೆ ಮಾಡುವುದು ಹೇಗೆ? ವಾಸನೆ ತರಬೇತಿಯನ್ನು, ಅಂದರೆ ಆರಿಸಿದ ಕೆಲವು ವಾಸನೆಗಳನ್ನು ದಿನವೂ ಮೂಸಿ ಮೂಗನ್ನು ಪಳಗಿಸುವುದನ್ನು, ಸರಿಯಾಗಿ ಮಾಡುವ ಕ್ರಮ ಯಾವುದು? ಎರಡು-ಮೂರು ತಿಂಗಳಾದ ಮೇಲೆ ಕಾಫಿ, ಈರುಳ್ಳಿ, ಮೊಟ್ಟೆ ಎಲ್ಲ ಕೊಳೆತಂತೆ ನಾರಲು ಶುರುವಾದರೆ ಅದು ಹದಗೆಡುತ್ತಿರುವುದರ ಗುರುತೇ? ಅವರವರ ಅನುಭವದ ಕಥೆ ಇಲ್ಲಿ ಬೇಡ. ಅಳತೆ, ಕ್ರಮ, ಕಾರಣ ಗೊತ್ತಿರುವವರು ಬರೆಯಿರಿ.

ರುಚಿಮೊಗ್ಗು:
ಮೊದಲನೆಯದಕ್ಕೆ ಉತ್ತರಿಸುತ್ತೇನೆ, ಯಾಕೆಂದರೆ ಇದನ್ನು ಬಗೆಹರಿಸದೆ ಮುಂದೆ ಹೋದವರು ಸುಮ್ಮನೆ ನಾಲಿಗೆ ಉಜ್ಜಿಕೊಂಡು ತಿಂಗಳು ಕಳೆಯುತ್ತಾರೆ.

ನಾಲಿಗೆಗೆ ಗೊತ್ತಾಗುವುದು ಐದೇ: ಸಿಹಿ, ಹುಳಿ, ಉಪ್ಪು, ಕಹಿ, ಮತ್ತೆ 1908ರಲ್ಲಿ ಜಪಾನಿನ ವಿಜ್ಞಾನಿ ಕಿಕುನೆ ಇಕೆಡಾ ಗುರುತಿಸಿದ ಉಮಾಮಿ (ಅಣಬೆ, ಮಾಂಸದ ಸಾರಿನಲ್ಲಿ ಸಿಗುವಂಥ ರುಚಿ). ನಿಂಬೆಗೂ ಕಿತ್ತಳೆಗೂ ಇರುವ ವ್ಯತ್ಯಾಸ, ಏಲಕ್ಕಿ, ಚಾಕೊಲೇಟು, ಹುರಿದದ್ದರ ಕಂಪು, ಇವೆಲ್ಲ ಮೂಗಿನ ಕೆಲಸ. ಅಗಿಯುವಾಗ ಬಾಯಿಯ ಹಿಂಭಾಗದಿಂದ ಆವಿ ಮೇಲೆ ಹತ್ತಿ ಮೂಗಿನ ಚಾವಣಿ ಮುಟ್ಟುತ್ತದೆ. ನಾವು ಅದನ್ನೂ ರುಚಿ ಅಂತಲೇ ಕರೆಯುತ್ತೇವೆ. ಹಾಗಾಗಿ "ರುಚಿ ಹೋಗಿದೆ" ಅನ್ನುವವರಲ್ಲಿ ಹೆಚ್ಚಿನವರಿಗೆ ಹೋಗಿರುವುದು ವಾಸನೆ.

ಪತ್ತೆ ಮಾಡುವ ಬಗೆ: ಹಣ್ಣಿನ ಸ್ವಾದದ ಮೃದುವಾದ ಒಂದು ಮಿಠಾಯಿ ತಗೊಳ್ಳಿ, ಯಾವ ಹಣ್ಣಿನದೆಂದು ನೋಡಬೇಡಿ. ಮೂಗನ್ನು ಬೆರಳಲ್ಲಿ ಗಟ್ಟಿಯಾಗಿ ಹಿಡಿದು ಬಾಯಿಗೆ ಹಾಕಿಕೊಂಡು ಐದಾರು ಸಲ ಅಗಿಯಿರಿ. ಸಿಹಿ, ಸ್ವಲ್ಪ ಹುಳಿ ಗೊತ್ತಾಗಬೇಕು, ಹಣ್ಣು ಯಾವುದೆಂದು ಗೊತ್ತಾಗಬಾರದು. ಈಗ ಬೆರಳು ತೆಗೆದು ಮೂಗಿನಿಂದ ಉಸಿರು ಹೊರಬಿಡಿ. ಮೂಗು ಸರಿಯಿದ್ದರೆ ಅದೇ ಕ್ಷಣ ಬಾಯೆಲ್ಲ ಹಣ್ಣಿನ ಸ್ವಾದ ತುಂಬಿಕೊಳ್ಳುತ್ತದೆ. ಬೆರಳು ತೆಗೆದರೂ ಬರೀ ಸಿಹಿ-ಹುಳಿಯಾಗೇ ಉಳಿದರೆ ತೊಂದರೆ ಮೂಗಿನದು, ನಾಲಿಗೆ ನೆಟ್ಟಗಿದೆ.

ನಾಲಿಗೆಯ ಮೇಲೇ ಅನುಮಾನವಿದ್ದರೆ ಮೂರು ಲೋಟದಲ್ಲಿ 100 ಮಿಲಿಯಂತೆ ನೀರು ಇಟ್ಟುಕೊಳ್ಳಿ. ಒಂದಕ್ಕೆ ಒಂದು ಟೀ ಚಮಚ ಸಕ್ಕರೆ, ಒಂದಕ್ಕೆ ಕಾಲು ಚಮಚ ಉಪ್ಪು, ಒಂದಕ್ಕೆ ಒಂದು ಚಮಚ ನಿಂಬೆರಸ. ಕಹಿಗೆ ಸಕ್ಕರೆ ಹಾಕದ ಕಟು ಕಪ್ಪು ಕಾಫಿ ಸಾಕು. ಮೂಗು ಹಿಡಿದುಕೊಂಡೇ ಇರಬೇಕು, ಕಣ್ಣು ಮುಚ್ಚಿರಬೇಕು, ಮನೆಯವರು ಯಾವ ಕ್ರಮದಲ್ಲಾದರೂ ಒಂದೊಂದು ಚಮಚ ಕೊಡಲಿ. ನಡುನಡುವೆ ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ. ನಾಲ್ಕನ್ನೂ ಸರಿಯಾಗಿ ಹೇಳಿದರೆ ನಾಲಿಗೆಯ ಚಿಂತೆ ಬಿಡಿ.

ಇನ್ನೊಂದು: ತುದಿಯಲ್ಲಿ ಸಿಹಿ, ಹಿಂದೆ ಕಹಿ ಅನ್ನುವ ಶಾಲೆಯ ಚಿತ್ರವನ್ನು ನಂಬಿ ಪರೀಕ್ಷೆ ಮಾಡಬೇಡಿ. ಆ ನಕ್ಷೆ ತಪ್ಪು, ಐದು ರುಚಿಯೂ ನಾಲಿಗೆಯಲ್ಲಿ ರುಚಿಮೊಗ್ಗು ಇರುವ ಕಡೆಯಲ್ಲೆಲ್ಲ ಗೊತ್ತಾಗುತ್ತವೆ.

ಹೊಳ್ಳೆ:
ಇದಕ್ಕೊಂದು ಸೇರಿಸಬೇಕು. ಮೂಗಿನಲ್ಲಿ ವಾಸನೆಯ ನರ ಬೇರೆ, ಉರಿ-ತಂಪು-ಚುಚ್ಚು ತಿಳಿಸುವ ಟ್ರೈಜೆಮಿನಲ್ ನರ ಬೇರೆ. ಪುದೀನದ ತಂಪು, ಮೆಣಸಿನಕಾಯಿಯ ಖಾರ, ಅಮೋನಿಯಾದ ಘಾಟು, ಈರುಳ್ಳಿ ಹೆಚ್ಚುವಾಗ ಬರುವ ಕಣ್ಣೀರು, ಎಲ್ಲ ಈ ಎರಡನೇ ನರದ್ದು. ವಾಸನೆ ಪೂರ್ತಿ ಹೋದವರಿಗೂ ನೀಲಗಿರಿ ಎಣ್ಣೆ ಮೂಸಿದರೆ ತಂಪಾಗಿ ಹೊಡೆಯುತ್ತದೆ. ಅದನ್ನೇ "ವಾಪಸ್ ಬಂತು" ಅಂದುಕೊಂಡು ತರಬೇತಿ ನಿಲ್ಲಿಸುವವರು ಬಹಳ. ಗುಲಾಬಿಯ ವಾಸನೆ ಇದಕ್ಕೆ ತದ್ವಿರುದ್ಧ. ಅದರ ಮುಖ್ಯ ಅಣು ಫೀನೈಲ್ ಈಥೈಲ್ ಆಲ್ಕೊಹಾಲ್, ಟ್ರೈಜೆಮಿನಲ್ ನರವನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಗುಲಾಬಿ ಗೊತ್ತಾಯಿತೆಂದರೆ ನಿಜವಾಗಿ ವಾಸನೆಯೇ ಬಂದಿದೆ ಅಂತ ಲೆಕ್ಕ.

ಲವಂಗದೆಣ್ಣೆ:
ತರಬೇತಿ ಬಗ್ಗೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕ್ರಮವೇ ಇವತ್ತಿಗೂ ಬುನಾದಿ: ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ದಿನಕ್ಕೆ ಎರಡು ಸಲ, 12 ವಾರ. ಹೂವು, ಹಣ್ಣು, ಮಸಾಲೆ, ರಾಳ ಎಂದು ನಾಲ್ಕು ಜಾತಿಯಿಂದ ಒಂದೊಂದು ಆರಿಸಿದ್ದು.

ಬಾಟಲಿ ತಯಾರಿ. 30ರಿಂದ 50 ಮಿಲಿಯ ಕಂದು ಗಾಜಿನ ಅಗಲ ಬಾಯಿಯ ನಾಲ್ಕು ಶೀಶೆ, ಬಿಗಿ ಮುಚ್ಚಳ. ಪ್ಲಾಸ್ಟಿಕ್ ಬೇಡ, ಈ ಎಣ್ಣೆಗಳು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಅದರ ವಾಸನೆಯನ್ನೂ ಬೆರೆಸಿಬಿಡುತ್ತವೆ. ಜಲವರ್ಣಕ್ಕೆ ಬಳಸುವ ದಪ್ಪ ಕಾಗದವನ್ನು ತಳದ ಅಳತೆಗೆ ದುಂಡಗೆ ಕತ್ತರಿಸಿ ಒಳಗೆ ಹಾಕಿ. ಇಲ್ಲದಿದ್ದರೆ ಹತ್ತಿ ಬಿಲ್ಲೆ. ಅದರ ಮೇಲೆ 15ರಿಂದ 20 ಹನಿ ಎಣ್ಣೆ ಬಿಡಿ. ಎಣ್ಣೆ ಸುಮ್ಮನೆ ತಳದಲ್ಲಿ ತುಳುಕುತ್ತಿದ್ದರೆ ಮೂಗಿಗೆ ತಾಗಿ ಉರಿಯುತ್ತದೆ, ಕಾಗದ ಹೀರಿಕೊಂಡರೆ ಆವಿ ಒಂದೇ ಸಮನೆ ಏಳುತ್ತದೆ. ಪ್ರತಿ ಶೀಶೆಗೂ ಹೆಸರು, ತಾರೀಕು ಅಂಟಿಸಿ. ನಿಂಬೆ ಎಣ್ಣೆ ಎಲ್ಲಕ್ಕಿಂತ ಬೇಗ ಗಾಳಿಗೆ ಕೆಟ್ಟು ಕಮಟಾಗುತ್ತದೆ, ಎರಡು ತಿಂಗಳಿಗೊಮ್ಮೆ ಬದಲಿಸಿ. ಉಳಿದವು ಮೂರು ತಿಂಗಳು ಬರುತ್ತವೆ. ಶುದ್ಧ ಗುಲಾಬಿ ಎಣ್ಣೆ ಸಿಗದಿದ್ದರೆ ಜೆರೇನಿಯಂ ಆಗುತ್ತದೆ. ಪನ್ನೀರು ಮಾತ್ರ ಸಾಲದು, ಬಹಳ ತೆಳು.

ಮೂಸುವ ಕ್ರಮ. ಶೀಶೆಯನ್ನು ಮೂಗಿಗೆ ಎರಡು-ಮೂರು ಸೆಂಟಿಮೀಟರ್ ದೂರ ಹಿಡಿಯಿರಿ. ದೀರ್ಘ ಉಸಿರು ಎಳೆಯಬೇಡಿ. ಮೊಲ ಮೂಸುವ ಹಾಗೆ ಚಿಕ್ಕ ಚಿಕ್ಕದಾಗಿ, 20 ಸೆಕೆಂಡ್. ಆ ಹೊತ್ತಿನಲ್ಲಿ ಆ ವಾಸನೆ ಹಿಂದೆ ಹೇಗಿತ್ತೆಂದು ನೆನಪಿಗೆ ತಂದುಕೊಳ್ಳಬೇಕು. ನಿಂಬೆಯಾದರೆ ಸಿಪ್ಪೆ ಸುಲಿಯುವಾಗ ಬೆರಳಿಗೆ ಸಿಡಿಯುವ ಆ ರಸ. ಮುಚ್ಚಳ ಹಾಕಿ, ಅರ್ಧ ನಿಮಿಷ ಬಿಟ್ಟು, ಮುಂದಿನದು. ನಾಲ್ಕೂ ಸೇರಿ ಐದು ನಿಮಿಷ ಹಿಡಿಯದು. ಬೆಳಿಗ್ಗೆ ತಿಂಡಿಗೆ ಮೊದಲು ಒಮ್ಮೆ, ರಾತ್ರಿ ಮಲಗುವ ಮೊದಲು ಒಮ್ಮೆ.

ಮೂರು ವಾರಕ್ಕೆ ಏನೂ ಗೊತ್ತಾಗಲಿಲ್ಲವೆಂದು ಬಿಡುವುದೇ ದೊಡ್ಡ ತಪ್ಪು. ನರಕೋಶ ಹೊಸದಾಗಿ ಬೆಳೆಯುವ ಕೆಲಸ ಇದು, ಎಲೆಕ್ಟ್ರಿಕ್ ಸ್ವಿಚ್ಚಲ್ಲ. 12 ವಾರ ಕನಿಷ್ಠ, ಆರು ತಿಂಗಳಿನ ಲೆಕ್ಕ ಇಟ್ಟುಕೊಳ್ಳಿ. 12 ವಾರ ಆದ ಮೇಲೆ ಅದೇ ನಾಲ್ಕಕ್ಕೆ ಅಂಟಿಕೊಳ್ಳದೆ ಬೇರೆ ನಾಲ್ಕು ತಗೊಂಡರೆ ಹೆಚ್ಚು ಅನುಕೂಲ: ಮಲ್ಲಿಗೆ, ಕಿತ್ತಳೆ, ಥೈಮ್, ಪುದೀನ. ಪುದೀನದ ತಂಪಿನ ವಿಚಾರ ಹೊಳ್ಳೆಯವರು ಮೇಲೆ ಹೇಳಿದ್ದಾರೆ, ಅದು ನೆನಪಿರಲಿ.

ಎಚ್ಚರಿಕೆ: ಲವಂಗ, ನೀಲಗಿರಿ ಎಣ್ಣೆ ಹೊಟ್ಟೆಗೆ ಹೋದರೆ ವಿಷ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಮೂಗಿನೊಳಗೆ ಒಂದು ಹನಿಯೂ ಸವರಬೇಡಿ.

ಹೊಸಬ:
ಎಣ್ಣೆ ಸಿಗದವರು ಊದಿನಕಡ್ಡಿ, ಸೆಂಟು ಮೂಸಬಹುದಾ? ಮತ್ತೆ ದಿನಕ್ಕೆ ಎರಡು ಸಲದ ಬದಲು ಹತ್ತು ಸಲ ಮಾಡಿದರೆ ಬೇಗ ಬರಲ್ವಾ?

ಲವಂಗದೆಣ್ಣೆ:
ಊದಿನಕಡ್ಡಿ ಬೇಡ, ಅದರ ಹೊಗೆಯೇ ಮೂಗಿನ ಒಳಪೊರೆಗೆ ಕಿರಿಕಿರಿ. ಸೆಂಟಿನಲ್ಲಿ ಹತ್ತಾರು ವಾಸನೆ ಬೆರೆತಿರುತ್ತವೆ, ಜೊತೆಗೆ ಸ್ಪಿರಿಟ್ಟಿನ ಘಾಟು ಮೊದಲು ಬಡಿಯುತ್ತದೆ. ನೆನಪಿಗೆ ಹೊಂದಿಸಲು ಒಂದೇ ಸ್ಪಷ್ಟ ವಾಸನೆ ಬೇಕು. ಎಣ್ಣೆ ಇಲ್ಲದಿದ್ದರೆ ಆಗಷ್ಟೇ ತುರಿದ ನಿಂಬೆಸಿಪ್ಪೆ, ಜಜ್ಜಿದ ಲವಂಗ, ಹಿಸುಕಿದ ನೀಲಗಿರಿ ಎಲೆ, ಗುಲಾಬಿ ಎಸಳು. ಲವಂಗ ವಾರಕ್ಕೊಮ್ಮೆ ಬದಲಿಸಿದರೆ ಸಾಕು, ಸಿಪ್ಪೆ, ಎಲೆ, ಎಸಳು ದಿನವೂ ಹೊಸದಿರಲಿ.

ಹತ್ತು ಸಲ ಬೇಡ. ಒಂದೇ ವಾಸನೆಯನ್ನು ಬಿಡದೆ ಮೂಸಿದರೆ ಮೂಗು ಅದಕ್ಕೆ ಒಗ್ಗಿ ಮಂಕಾಗುತ್ತದೆ. ಅಡುಗೆಮನೆಯಲ್ಲಿ ಅರ್ಧ ಗಂಟೆ ನಿಂತರೆ ಒಗ್ಗರಣೆ ಗೊತ್ತಾಗದ ಹಾಗೆ. ಹೆಚ್ಚು ಸಲಕ್ಕಿಂತ ಹೆಚ್ಚು ತಿಂಗಳು ಮುಖ್ಯ.

ಹೊಳ್ಳೆ:
ಮೂರನೇ ಪ್ರಶ್ನೆ, ನನ್ನ ಪ್ರಕಾರ ಜನ ಅತಿ ಹೆಚ್ಚು ಹೆದರುವುದು ಇದಕ್ಕೇ. ಇದ್ದ ವಾಸನೆ ಬೇರೆಯಾಗಿ, ಸಾಮಾನ್ಯವಾಗಿ ಹೇಸಿಗೆಯಾಗಿ ಬಂದರೆ ಪ್ಯಾರಾಸ್ಮಿಯಾ. ಎದುರಿಗೆ ಏನೂ ಇಲ್ಲದೆಯೂ ಸುಟ್ಟ ವಾಸನೆ, ಹೊಗೆ ಬಂದರೆ ಫ್ಯಾಂಟಾಸ್ಮಿಯಾ. ಎರಡೂ ಬೇರೆ.

ಒಳಗೆ ಆಗುವುದು ಇಷ್ಟು. ಮೂಗಿನ ಚಾವಣಿಯಲ್ಲಿ ವಾಸನೆಯ ನರಕೋಶಗಳಿವೆ, ಒಂದೊಂದರ ಮೇಲೆ ಒಂದೊಂದು ಬಗೆಯ ಗ್ರಾಹಕ, ಅಂದರೆ ವಾಸನೆಯ ಅಣುವನ್ನು ಹಿಡಿಯುವ ಭಾಗ (ರಿಸೆಪ್ಟರ್). ಮನುಷ್ಯನಲ್ಲಿ ಕೆಲಸ ಮಾಡುವ ಗ್ರಾಹಕ ಸುಮಾರು 400 ಬಗೆ. ಈ ಗ್ರಾಹಕಗಳ ವಂಶವಾಹಿಗಳನ್ನು 1991ರಲ್ಲಿ ಪತ್ತೆ ಮಾಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರ ನೊಬೆಲ್ ಬಂತು. ನರಕೋಶಗಳ ಎಳೆಗಳು ಜರಡಿಯಂತೆ ತೂತಿರುವ ತೆಳು ಮೂಳೆಯ ಮೂಲಕ ಮೆದುಳಿಗೆ ಹೋಗುತ್ತವೆ. ಕೋವಿಡ್ ವೈರಸ್ ಮುಖ್ಯವಾಗಿ ಹಿಡಿಯುವುದು ನರಕೋಶವನ್ನಲ್ಲ, ಅದಕ್ಕೆ ಆಸರೆಯಾದ ಪಕ್ಕದ ಕೋಶಗಳನ್ನು. ಆಸರೆ ಮಾತ್ರ ಹಾಳಾಗಿದ್ದರೆ ಎರಡರಿಂದ ನಾಲ್ಕು ವಾರದಲ್ಲಿ ವಾಸನೆ ತಾನೇ ಬರುತ್ತದೆ. ನರಕೋಶವೂ ಸತ್ತಿದ್ದರೆ ತಳದ ಕಾಂಡಕೋಶದಿಂದ ಹೊಸದು ಹುಟ್ಟಿ, ಎಳೆ ಚಾಚಿ, ಮೆದುಳಲ್ಲಿ ತನ್ನ ಜಾಗ ಹುಡುಕಿಕೊಳ್ಳಬೇಕು.

ಕಾಫಿಯಂಥ ಒಂದು ಘಮ ನೂರಾರು ಅಣುಗಳ ಮೇಳ. ಅದರಲ್ಲಿ ಕೆಲವು ಗ್ರಾಹಕ ಮಾತ್ರ ಕೆಲಸಕ್ಕೆ ಬಂದಿದ್ದರೆ, ಕೆಲವು ಎಳೆ ತಪ್ಪು ಜಾಗಕ್ಕೆ ಹೋಗಿದ್ದರೆ, ಮೆದುಳಿಗೆ ತಲುಪುವುದು ಅರ್ಧಂಬರ್ಧ ಸುದ್ದಿ. ಅರ್ಥವಾಗದ್ದನ್ನು ಮೆದುಳು ಅಪಾಯವೆಂದು ಓದುತ್ತದೆ ಅನ್ನುವುದು ಒಂದು ಊಹೆ. ಹಾಗಾಗಿ ಎರಡು-ಮೂರು ತಿಂಗಳ ಮೌನದ ಮೇಲೆ ಶುರುವಾಗುವ ಈ ನಾತ ನರ ಮತ್ತೆ ಬೆಳೆಯುತ್ತಿರುವುದರ ಗುರುತು, ಹದಗೆಟ್ಟದ್ದರದ್ದಲ್ಲ. ಆದರೆ ತಿಂಗಳುಗಟ್ಟಲೆ ಇರಬಹುದು, ಕೆಲವರಿಗೆ ವರ್ಷ ದಾಟುತ್ತದೆ. ಅದನ್ನು ಮುಚ್ಚಿಟ್ಟು ಧೈರ್ಯ ಹೇಳುವುದು ಸರಿಯಲ್ಲ.

ಕೆರಳಿಸುವ ಅಣುಗಳು ಯಾವುವು ಅನ್ನುವುದೂ ತಿಳಿದಿದೆ. ಕಾಫಿಯ ಘಮವನ್ನು ಗ್ಯಾಸ್ ಕ್ರೊಮಟೋಗ್ರಫಿ ಯಂತ್ರದಲ್ಲಿ ಬಿಡಿಬಿಡಿಯಾಗಿ ಬೇರ್ಪಡಿಸಿ ಪ್ಯಾರಾಸ್ಮಿಯಾ ಇದ್ದವರಿಗೆ ಮೂಸಿಸಿದ ಕೆಲಸ 2022ರಲ್ಲಿ ಬಂತು. ಮುಂದೆ ನಿಂತದ್ದು 2-ಫ್ಯುರಾನ್‌ಮೀಥೇನ್‌ಥಿಯಾಲ್, ಉಳಿದವರಿಗೆ ಹುರಿದ ಕಾಫಿಯಂತೆಯೇ ಅನ್ನಿಸುವ ಗಂಧಕದ ಅಣು. ಇಂಥ ಥಿಯಾಲ್, ಡೈಸಲ್ಫೈಡ್, ಪೈರಜೀನ್‌ಗಳು ಹುರಿದ, ಕರಿದ, ಸುಟ್ಟ ಆಹಾರದಲ್ಲಿ, ಈರುಳ್ಳಿ-ಬೆಳ್ಳುಳ್ಳಿಯಲ್ಲಿ, ಮೊಟ್ಟೆ-ಮಾಂಸದಲ್ಲಿ ಇರುತ್ತವೆ. ಗಾಳಿಯಲ್ಲಿ ಅತ್ಯಲ್ಪ ಇದ್ದರೂ ಮೂಗಿಗೆ ಸಿಗುತ್ತವೆ.

ಉಪ್ಪುಖಾರ:
ಹೊಳ್ಳೆಯವರ ಪಟ್ಟಿಯಿಂದಲೇ ಊಟದ ದಾರಿ ಹೊರಡುತ್ತದೆ. ಬಿಸಿ ಹೆಚ್ಚಿದಷ್ಟೂ ಆವಿ ಹೆಚ್ಚು. ಆದ್ದರಿಂದ ತಣ್ಣಗೆ ಅಥವಾ ಉಗುರು ಬೆಚ್ಚಗೆ ತಿನ್ನಿ. ಹುರಿಯುವ, ಕರಿಯುವ ಬದಲು ಬೇಯಿಸಿ, ಹಬೆಯಲ್ಲಿ ಮಾಡಿ. ಅನ್ನ, ಬೇಯಿಸಿದ ಆಲೂಗಡ್ಡೆ, ಮೊಸರು, ಹಣ್ಣು, ಸೌತೆಕಾಯಿ, ನೆನೆಸಿದ ಕಾಳು ಬಹಳ ಜನಕ್ಕೆ ಸೇರುತ್ತವೆ. ಹುರಿಯದ ಬಾದಾಮಿ ಒಗ್ಗುತ್ತದೆ, ಹುರಿದದ್ದು ಒಗ್ಗುವುದಿಲ್ಲ. ಪದಾರ್ಥ ಒಂದೇ, ಬೆಂಕಿ ಮಾತ್ರ ವ್ಯತ್ಯಾಸ. ಬೇರೆಯವರು ಅಡುಗೆ ಮಾಡುವಾಗ ಕಿಟಕಿ ತೆಗೆದು ಆ ಜಾಗದಿಂದ ದೂರ ಇರುವುದು ಸಂಕೋಚದ ವಿಷಯವಲ್ಲ. ಊಟಕ್ಕೆ ಕೂತಾಗ ಈಜುಗಾರರ ಮೃದುವಾದ ಮೂಗಿನ ಕ್ಲಿಪ್ ಹಾಕಿಕೊಂಡು ನಾಲ್ಕು ತುತ್ತು ಹೆಚ್ಚು ಇಳಿದರೆ ಅದೂ ಲಾಭವೇ. ಹಲ್ಲುಪುಡಿಯ ಪುದೀನವೇ ವಾಕರಿಕೆ ತಂದರೆ ಪರಿಮಳವಿಲ್ಲದ ಪೇಸ್ಟು ಸಿಗುತ್ತದೆ, ಹಲ್ಲು ಉಜ್ಜುವುದನ್ನು ಬಿಡಬೇಡಿ.

ವಾಸನೆ ಪೂರ್ತಿ ಇಲ್ಲದವರಿಗೆ ಉಪಾಯ ಬೇರೆ. ಅವರು ನಾಲಿಗೆ ಮತ್ತು ಟ್ರೈಜೆಮಿನಲ್ ನರ ಎರಡನ್ನೂ ದುಡಿಸಬೇಕು: ಹುಳಿ ಒಂದು, ಖಾರ ಒಂದು, ಗರಿಗರಿ ಒಂದು, ತಣ್ಣನೆಯ ಪಕ್ಕದಲ್ಲಿ ಬಿಸಿ. ಆದರೆ ಸಪ್ಪೆ ಅಂತ ಉಪ್ಪು, ಸಕ್ಕರೆ ಸುರಿದುಕೊಳ್ಳುವುದು ಇಲ್ಲಿನ ದೊಡ್ಡ ಬಲೆ. ರಕ್ತದೊತ್ತಡ, ಮಧುಮೇಹ ಇದ್ದವರು ಉಪ್ಪು-ಸಕ್ಕರೆಯನ್ನು ಚಮಚದಲ್ಲಿ ಅಳೆದೇ ಹಾಕಲಿ, ನಾಲಿಗೆಗೆ ಕೇಳಿ ಹಾಕುವುದು ಬೇಡ. ಕೊರತೆಯನ್ನು ನಿಂಬೆರಸ, ಕಾಳುಮೆಣಸಿನಿಂದ ತುಂಬಿ.

ವಾರಕ್ಕೊಮ್ಮೆ ತೂಕ ನೋಡಿ. ತಿಂಗಳಲ್ಲಿ ನೂರಕ್ಕೆ 5ರಷ್ಟು, ಅಂದರೆ 60 ಕೆ.ಜಿ. ಇದ್ದವರು 3 ಕೆ.ಜಿ. ಇಳಿದರೆ ಡಾಕ್ಟರಿಗೆ ಹೇಳಲೇಬೇಕು.

ಘಮಲು:
ಬಾಯಲ್ಲಿ ಸದಾ ಲೋಹದ ರುಚಿ, ಕಹಿ ಅನ್ನುವವರೂ ಇದ್ದಾರೆ. ಮೂಗು ಸರಿಯಿದೆ, ಮಿಠಾಯಿ ಪರೀಕ್ಷೆಯೂ ಪಾಸು. ಅದು?

ರುಚಿಮೊಗ್ಗು:
ಅದು ನಿಜವಾಗಿ ನಾಲಿಗೆಯ ಕಡೆಯದು. ಮೊದಲು ನೋಡಬೇಕಾದ್ದು ಮಾತ್ರೆ ಚೀಟಿ. ಮೆಟ್ರೊನಿಡಜೋಲ್ ಲೋಹದ ರುಚಿ ಕೊಡುತ್ತದೆ. ಕ್ಲಾರಿಥ್ರೊಮೈಸಿನ್ ಕಹಿ. ಕೋವಿಡ್‌ಗೆ ಕೊಡುವ ನಿರ್ಮಾಟ್ರೆಲ್ವಿರ್-ರಿಟೊನಾವಿರ್ ಜೋಡಿಯೂ ಅಷ್ಟೆ, ಮುಗಿಸಿದ ಕೆಲವೇ ದಿನಕ್ಕೆ ಹೋಗುತ್ತದೆ. ಉಗುರಿನ ಫಂಗಸ್‌ಗೆ ಕೊಡುವ ಟರ್ಬಿನಾಫಿನ್ ನಿಲ್ಲಿಸಿದ ಮೇಲೂ ವಾರಗಟ್ಟಲೆ, ತಿಂಗಳುಗಟ್ಟಲೆ ರುಚಿ ಕೆಡಿಸಬಹುದು. ಮೆಟ್‌ಫಾರ್ಮಿನ್, ಕ್ಯಾಪ್ಟೊಪ್ರಿಲ್, ಕೆಲವು ಕಿಮೊಥೆರಪಿ ಔಷಧಗಳೂ ಪಟ್ಟಿಯಲ್ಲಿವೆ. ಅನುಮಾನ ಬಂತೆಂದು ಮಾತ್ರೆ ತಾವೇ ನಿಲ್ಲಿಸಬಾರದು, ಬರೆದುಕೊಟ್ಟವರನ್ನು ಕೇಳಿ.

ಮಾತ್ರೆ ಕಾರಣವಲ್ಲದಿದ್ದರೆ ಬಾಯಿ ತೆರೆದು ಕನ್ನಡಿ ನೋಡಿ. ಕೆನ್ನೆಯ ಒಳಗೆ, ನಾಲಿಗೆ ಮೇಲೆ ಮೊಸರಿನಂಥ ಬಿಳಿ ಮಚ್ಚೆ ಇದ್ದರೆ ಅದು ಫಂಗಸ್; ಆಂಟಿಬಯಾಟಿಕ್ ಆದ ಮೇಲೆ, ಸ್ಟೀರಾಯ್ಡ್ ಇನ್ಹೇಲರ್ ಎಳೆದು ಬಾಯಿ ತೊಳೆಯದವರಲ್ಲಿ ಸಾಮಾನ್ಯ. ಔಷಧ ಹಾಕಿದರೆ ಹೋಗುತ್ತದೆ. ಬಾಯಿ ಒಣಗಿದ್ದರೂ ರುಚಿ ತಿಳಿಯದು, ಉಪ್ಪು-ಸಕ್ಕರೆ ಜೊಲ್ಲಿನಲ್ಲಿ ಕರಗಿದರೆ ತಾನೆ ಮೊಗ್ಗಿಗೆ ಮುಟ್ಟುವುದು.

ಸಮಾಧಾನಕ್ಕೆ: 240 ಮಿಲಿ ನೀರಿಗೆ ಕಾಲು ಟೀ ಚಮಚ ಅಡುಗೆ ಸೋಡಾ, ಕಾಲು ಚಮಚದ ಅರ್ಧದಷ್ಟು ಉಪ್ಪು. ಊಟಕ್ಕೆ ಮೊದಲು ಮುಕ್ಕಳಿಸಿ ಉಗಿಯಿರಿ, ನುಂಗಬೇಡಿ. ಸ್ಟೀಲಿನ ಬದಲು ಮರದ ಚಮಚ ಬಳಸಿ. ಸತುವಿನ ಮಾತ್ರೆ ರಕ್ತದಲ್ಲಿ ಸತು ಕಡಿಮೆ ಇದ್ದವರಿಗೆ ಮಾತ್ರ ಪ್ರಯೋಜನ. ಎಲ್ಲರೂ ನುಂಗಿದರೆ ಹೊಟ್ಟೆ ತೊಳಸುವುದಷ್ಟೇ ಫಲ, ಹೆಚ್ಚು ಕಾಲ ನುಂಗಿದರೆ ದೇಹದ ತಾಮ್ರ ಇಳಿಯುತ್ತದೆ.

ಹೊಸಬ:
ಸತುವಿನ ಮೂಗಿನ ಸ್ಪ್ರೇ ಅಂತಲೂ ಕೇಳಿದ್ದೆ.

ಹೊಳ್ಳೆ:
ಮುಟ್ಟಬೇಡಿ. ಮೂಗಿಗೆ ಹಾಕುವ ಸತುವಿನಿಂದಲೇ ವಾಸನೆ ಶಾಶ್ವತವಾಗಿ ಹೋಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲೇ ಎಚ್ಚರಿಸಿದೆ. ಮೂಗು ಕಟ್ಟಿದ್ದು ಬಿಡಿಸುವ ಹನಿಗಳನ್ನೂ ಐದು ದಿನ ಮೀರಿ ಹಾಕಬಾರದು, ನಿಲ್ಲಿಸಿದೊಡನೆ ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತದೆ.

ಮೂಗು ಕಟ್ಟಿರುವವರು ತರಬೇತಿಗೆ ಮೊದಲು ಉಪ್ಪುನೀರಲ್ಲಿ ತೊಳೆದುಕೊಂಡರೆ ಆವಿ ಚಾವಣಿವರೆಗೆ ಹೋಗುತ್ತದೆ. 240 ಮಿಲಿಗೆ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಉರಿದರೆ ಉಪ್ಪು ಕಡಿಮೆ ಮಾಡಿ. ನೀರು ಮಾತ್ರ ನಲ್ಲಿಯದು ನೇರವಾಗಿ ಬೇಡ. ಅದರಲ್ಲಿರಬಹುದಾದ ನೆಗ್ಲೇರಿಯಾ ಅಮೀಬಾ ಕುಡಿದರೆ ಏನೂ ಮಾಡದು, ಮೂಗಿಂದ ಹೋದರೆ ಮೆದುಳಿಗೆ ಹತ್ತಿ ಜೀವ ತೆಗೆಯುತ್ತದೆ. ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ, ಉಗುರು ಬೆಚ್ಚಗೆ ಆರಿಸಿ. 2000 ಮೀಟರ್‌ಗಿಂತ ಎತ್ತರದ ಜಾಗದಲ್ಲಿ ಮೂರು ನಿಮಿಷ.

ಸ್ಟೀರಾಯ್ಡ್ ಮಾತ್ರೆ ವೈರಸ್ ನಂತರದ ವಾಸನೆ ನಷ್ಟಕ್ಕೆ ಮಾಮೂಲಾಗಿ ಕೊಡುವಂಥದ್ದಲ್ಲ. ಮೂಗು ತೊಳೆಯುವ ನೀರಿಗೆ ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಬೆರೆಸುವುದನ್ನು ಕೆಲವು ಇ.ಎನ್.ಟಿ. ಡಾಕ್ಟರುಗಳು ತರಬೇತಿಯ ಜೊತೆಗೆ ಹೇಳುತ್ತಾರೆ. ಅದು ಅವರ ಚೀಟಿಯ ಮೇಲೆ ಮಾತ್ರ.

ಉಪ್ಪುಖಾರ:
ಯಾರೂ ಹೇಳದ್ದು ಒಂದಿದೆ, ಗ್ಯಾಸು. ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲ, ಸೋರಿದರೆ ಗೊತ್ತಾಗಲೆಂದು ಈಥೈಲ್ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಮೂಗಿಲ್ಲದವರಿಗೆ ಆ ಎಚ್ಚರಿಕೆ ತಲುಪುವುದೇ ಇಲ್ಲ. ಸೋರಿಕೆ ಅಲಾರಂ ಹಾಕಿಸಿ, ಎತ್ತರ ಸರಿಯಿರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಅಲಾರಂ ನೆಲದಿಂದ 30 ಸೆಂ.ಮೀ. ಒಳಗೆ ಇರಬೇಕು. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಅದಕ್ಕೆ ಚಾವಣಿ ಹತ್ತಿರ. ಅದಲುಬದಲು ಹಾಕಿದರೆ ಅಲಾರಂ ಗೋಡೆಗೆ ಅಲಂಕಾರ. ಹೊಗೆ ಅಲಾರಂ ಬೇರೆಯೇ ಬೇಕು.

ತಂಗಳನ್ನು ಮೂಸಿ ತೀರ್ಮಾನಿಸುವ ಅಭ್ಯಾಸ ಬಿಡಿ. ಡಬ್ಬಿಯ ಮೇಲೆ ತಾರೀಕು ಬರೆಯಿರಿ. ಬೇಯಿಸಿದ್ದು ಹೊರಗೆ ಎರಡು ಗಂಟೆಗಿಂತ ಹೆಚ್ಚು ಬೇಡ, ಫ್ರಿಜ್ 4 ಡಿಗ್ರಿ ಅಥವಾ ಕೆಳಗೆ.

ಘಮಲು:
ಡಾಕ್ಟರ ಹತ್ತಿರ ಯಾವಾಗ ಹೋಗಲೇಬೇಕು?

ಹೊಳ್ಳೆ:
ಒಂದೇ ಹೊಳ್ಳೆಯಲ್ಲಿ ವಾಸನೆ ಹೋಗಿದ್ದರೆ, ಒಂದೇ ಕಡೆ ರಕ್ತ ಬರುತ್ತಿದ್ದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ಹೋಗಿದ್ದರೆ ಕಾಯಬೇಡಿ. ಪೆಟ್ಟಿನ ನಂತರ ಮೂಗಿಂದ ತಿಳಿನೀರು ತೊಟ್ಟಿಕ್ಕಿದರೆ ಅದು ಮೆದುಳಿನ ಸುತ್ತಲ ದ್ರವವಾಗಿರಬಹುದು, ಅವತ್ತೇ ಆಸ್ಪತ್ರೆ. ಕ್ಷಣಕಾಲ ವಿಚಿತ್ರ ವಾಸನೆ ಬಂದು ಜೊತೆಗೆ ಮಂಕು ಕವಿದರೆ ಫಿಟ್ಸ್ ಇರಬಹುದು. ನೆಗಡಿ-ಜ್ವರ ಏನೂ ಇಲ್ಲದೆ ವರ್ಷಗಳಲ್ಲಿ ನಿಧಾನ ಕ್ಷೀಣಿಸಿದ್ದರೂ ತೋರಿಸಿ, ಪಾರ್ಕಿನ್ಸನ್ಸ್‌ನಲ್ಲಿ ನಡುಕಕ್ಕೂ ಎಷ್ಟೋ ಮೊದಲು ವಾಸನೆ ಕುಗ್ಗುವುದುಂಟು. ಇವು ಯಾವುವೂ ಅಲ್ಲದೆ ವೈರಸ್ ಆದ ಮೇಲಿನದ್ದಾದರೆ ತರಬೇತಿ ಈಗಲೇ ಶುರುಮಾಡಿ, ನಾಲ್ಕಾರು ವಾರದಲ್ಲಿ ಸುಧಾರಿಸದಿದ್ದರೆ ಇ.ಎನ್.ಟಿ.

ಅಲ್ಲಿ ಪೆನ್ನಿನಂಥ ಕಡ್ಡಿಗಳನ್ನು ಮೂಸಿಸಿ ಅಂಕ ಹಾಕುವ ಸ್ನಿಫಿನ್ ಸ್ಟಿಕ್ಸ್ ಪರೀಕ್ಷೆ ಇರಬಹುದು. ವಾಸನೆ ಎಷ್ಟು ತೆಳುವಾಗುವವರೆಗೆ ಮೂಗಿಗೆ ಸಿಗುತ್ತದೆ, ಎರಡರ ನಡುವೆ ವ್ಯತ್ಯಾಸ ಗೊತ್ತೆ, ಹೆಸರು ಹೇಳಬಲ್ಲಿರೆ, ಹೀಗೆ ಮೂರು ಭಾಗ, ತಲಾ 16, ಒಟ್ಟು 48. 16 ಅಥವಾ ಅದಕ್ಕಿಂತ ಕೆಳಗೆ ಬಂದರೆ ವಾಸನೆ ಇಲ್ಲವೆಂದೇ ಲೆಕ್ಕ. ಮುಂದಿನ ಸಲ 5.5 ಅಂಕ ಏರಿದ್ದರೆ ನಿಜವಾದ ಸುಧಾರಣೆ. ಒಂದೆರಡು ಅಂಕದ ಏರಿಳಿತಕ್ಕೆ ಹಿಗ್ಗಲೂ ಬೇಡ, ಕುಗ್ಗಲೂ ಬೇಡ.

ಹೊಸಬ:
ಕೊನೆಗೊಂದು. ಪ್ಯಾರಾಸ್ಮಿಯಾ ಶುರುವಾಗಿ ಲವಂಗವೇ ನಾರುತ್ತಿದ್ದರೆ ತರಬೇತಿ ನಿಲ್ಲಿಸಬೇಕಾ?

ಲವಂಗದೆಣ್ಣೆ:
ಬೇಡ, ತೆಳುಮಾಡಿ. ಹೊಸ ಕಾಗದಕ್ಕೆ ಮೂರ್ನಾಲ್ಕು ಹನಿ ಮಾತ್ರ, ಶೀಶೆ ಒಂದು ಗೇಣು ದೂರ, ಐದು ಸೆಕೆಂಡ್. ಆಗಲೂ ವಾಕರಿಕೆ ಬಂದರೆ ಲವಂಗದ ಬದಲು ಅದೇ ಮಸಾಲೆ ಜಾತಿಯ ದಾಲ್ಚಿನ್ನಿಯನ್ನೋ ಏಲಕ್ಕಿಯನ್ನೋ ಇಟ್ಟು ನೋಡಿ, ಉಳಿದ ಮೂರನ್ನು ಎಂದಿನಂತೆ ನಡೆಸಿ. ತಿಂಗಳು ಬಿಟ್ಟು ಲವಂಗವನ್ನು ಮತ್ತೆ ಒಮ್ಮೆ ತೆರೆಯಿರಿ. ಒಂದು ಪುಸ್ತಕದಲ್ಲಿ ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಅಂದುಕೊಳ್ಳಿ, ನಾಲ್ಕಕ್ಕೂ ಎರಡೆರಡು ಅಂಕ ಬರೆಯಿರಿ: ಎಷ್ಟು ಗಟ್ಟಿ ಅನ್ನುವುದಕ್ಕೆ 0ಯಿಂದ 10, ಎಷ್ಟು ಸರಿಯಾಗಿದೆ ಅನ್ನುವುದಕ್ಕೆ 0ಯಿಂದ 10. ಗಟ್ಟಿ 6, ಸರಿ 1 ಅಂತ ಬಂದರೆ ಅದೇ ಪ್ಯಾರಾಸ್ಮಿಯಾ. ದಿನವೂ ಬರೆಯಬೇಡಿ, ನಿನ್ನೆಗೂ ಇವತ್ತಿಗೂ ಏನೂ ವ್ಯತ್ಯಾಸ ಕಾಣುವುದಿಲ್ಲ.